ಮುತ್ತಿನಕೊಪ್ಪದ ಚಪ್ಪಟೆ ಬಿಸ್ಕತ್ತು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಭವ್ಯ ಕೊಪ್ಪದಲ್ಲಿ ವನಜಮ್ಮನವರ ಮನೆಗೆ ಬಂದಾಗ ಅವಳ ಕೈಯಲ್ಲಿ ಒಂದು ಸ್ಟೀಲ್ ಡಬ್ಬವಿತ್ತು. ಒಳಗಿದ್ದದ್ದು ಬಿಸ್ಕತ್ತು ಎಂದು ಅವಳು ಹೇಳಿದ ಮೇಲಷ್ಟೇ ತಿಳಿಯಿತು. ಎಲ್ಲವೂ ಕರಗಿ, ಹರಡಿ, ಒಂದಕ್ಕೊಂದು ಅಂಟಿ ದಪ್ಪ ದೋಸೆಯಂತಾಗಿದ್ದವು.

"ಹೀಗೆ ಕೆಡ್ತಿರೋದು ಇದು ಎರಡನೇ ಸಲ ಮೇಡಂ. ನನ್ನ ಕೈಗುಣವೇ ಸರಿ ಇಲ್ಲ ಅಂತಿದ್ದಾರೆ. ಮೊಟ್ಟಮೊದಲು ಮಾಡಿದಾಗ ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತಾ? ಅತ್ತೆ ಊರಿಗೆಲ್ಲ ಹೇಳ್ಕೊಂಡು ಬಂದಿದ್ರು."

"ಅದಾದ ಮೇಲೆ ಹಾಳಾಗೋಕೆ ಶುರುವಾಯ್ತಾ?" ಎಂದು ವನಜಮ್ಮನವರು ಕೇಳಿದರು.

"ಹೌದು. ಅದೇ ತುಪ್ಪ, ಅದೇ ಓವನ್. ನಾಳೆ ಅತ್ತೆಗೆ ಎಪ್ಪತ್ತೈದು ತುಂಬತ್ತೆ. ಇವತ್ತೂ ಕೆಟ್ರೆ ಬೇಕರಿಯಿಂದ ತರಿಸ್ತಾರಂತೆ. ಆಮೇಲೆ ಆ ಅಡುಗೆಮನೆಯಲ್ಲಿ ನಂಗೆ ಪಾತ್ರೆ ತೊಳೆಯೋದಷ್ಟೇ."

ವನಜಮ್ಮನವರು ಅಳತೆ ಮತ್ತು ತೂಕ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದು ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ನಾನು ಪಕ್ಕದ ಮನೆಯವನು, ಹಿಂದೆ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಅವರು ಬಿಡಿಸಿದ ಪ್ರಕರಣಗಳನ್ನು ಬರೆದಿಡುವ ಕೆಲಸ ನನ್ನದು.

"ಪುಸ್ತಕ, ಪೆನ್ನು ತಗೋ ಮಾರಾಯ. ಮುತ್ತಿನಕೊಪ್ಪಕ್ಕೆ ಹೋಗಿ ಬರೋಣ," ಎಂದರು.

ಹನ್ನೊಂದಕ್ಕೆ ತಲುಪಿದೆವು. ಭವ್ಯಳ ಅತ್ತೆ ತುಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಣ್ಣು ಮಂಜಾಗಿದ್ದರಿಂದ ಒಲೆಯ ಹತ್ತಿರ ಹೋಗುತ್ತಿರಲಿಲ್ಲ, ಬಾಯಲ್ಲಿ ಹೇಳಿ ಮಾಡಿಸುತ್ತಿದ್ದರು.

"ನಾನು ನಲವತ್ತು ವರ್ಷ ಕೆಂಡದ ಮೇಲೆ ಬಿಸ್ಕತ್ತು ಮಾಡ್ದವಳು. ಈ ಕರೆಂಟ್ ಪೆಟ್ಟಿಗೆಗೆ ಎಂತ ಗೊತ್ತು ಹದ?" ಎಂದು ಓವನ್ನಿನ ಕಡೆ ಮೂತಿ ತಿರುಗಿಸಿದರು.

ಹಿರಿಯ ಸೊಸೆ ನಯನ ಮಧ್ಯಾಹ್ನದ ಅಡುಗೆಗೆ ಅಕ್ಕಿ ಅಳೆಯುತ್ತಿದ್ದಳು. "ಕೂತ್ಕೊಳ್ಳಿ ಮೇಡಂ. ಬಿಸ್ಕತ್ತು ಹೇಗಾದ್ರೂ ಆಗ್ಲಿ, ಊಟ ಮಾಡ್ಕೊಂಡೇ ಹೋಗ್ಬೇಕು," ಎಂದಳು. ಆ ಮನೆಯಲ್ಲಿ ಅಕ್ಕಿಗೂ ಹಿಟ್ಟಿಗೂ ಒಂದೇ ಹಿತ್ತಾಳೆ ಪಾವು. ತಲೆ ಸವರಿದ ಒಂದು ಪಾವು ಸುರಿದಳು, ಹಿಂದೆಯೇ ಒಂದು ಹಿಡಿ. ಮತ್ತೊಂದು ಪಾವು, ಒಂದು ಹಿಡಿ. ಮೂರನೆಯದು, ಒಂದು ಹಿಡಿ. ಕೊನೆಗೆ ಇನ್ನೊಂದು ಹಿಡಿ. ಅಭ್ಯಾಸಬಲದಿಂದ ಬರೆದುಕೊಂಡೆ: ಪಾವು ಮೂರು, ಹಿಡಿ ನಾಲ್ಕು.

"ಹಿಡಿ ಯಾಕೆ?" ಎಂದು ಕೇಳಿದೆ.

ತುಂಗಮ್ಮ ಹೇಳಿದರು: "ಅಳತೆ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕ್ಬೇಕು. ಹೇಳದೆ ಬಂದೋರಿಗೆ ಅದು. ನಮ್ಮತ್ತೆ ಕಾಲದಿಂದ ಬಂದಿದ್ದು."

ಭವ್ಯ ತನ್ನ ಕ್ರಮ ಹೇಳಿದಳು. ಒಂದು ಲೋಟ ತುಪ್ಪ, ಒಂದು ಲೋಟ ಸಕ್ಕರೆ ಪುಡಿ, ಬೆಳ್ಳಗಾಗುವವರೆಗೆ ಕೈಯಲ್ಲಿ ತಿಕ್ಕುವುದು, ಎರಡು ಪಾವು ಮೈದಾ, ಏಲಕ್ಕಿ. ವನಜಮ್ಮನವರು ಪಾವನ್ನು ಎತ್ತಿಕೊಂಡು ಮೊದಲು ಒಳಗೆ ಬೆರಳಿಟ್ಟರು, ನಂತರ ಅದೇ ಬೆರಳನ್ನು ಹೊರಗಿನಿಂದ ಹಿಡಿದು ನೋಡಿದರು. ಆಮೇಲೆ ಕೆಳಗಿಟ್ಟರು.

ಜಗಲಿಯಲ್ಲಿ ನಯನಳ ಮಗಳು ಸಿಂಚನಾ ಓದುತ್ತಿದ್ದಳು. "ಕೂಸೇ, ಈ ವಾರ ಯಾವತ್ತಾದ್ರೂ ಊಟಕ್ಕೆ ಅನ್ನ ಸಾಲದೆ ಬಂತಾ?" ಎಂದು ವನಜಮ್ಮನವರು ಕೇಳಿದರು.

"ಇಲ್ಲ ಅಜ್ಜಿ. ದಿನಾ ಇದ್ದಷ್ಟೇ ಇತ್ತು."

"ಜೇನುಪೆಟ್ಟಿಗೆ ಉಂಟಾ ಮನೇಲಿ?"

"ನಾಲ್ಕುಂಟು. ಮೇಣ ಡಬ್ಬದಲ್ಲಿಟ್ಟಿದ್ದಾರೆ. ಯಾರು ಬೇಕಾದ್ರೂ ತಗೋತಾರೆ."

ಊಟವಾದ ಮೇಲೆ ಎಲ್ಲರನ್ನೂ ಅಡುಗೆಮನೆಗೆ ಕರೆದರು. ಭವ್ಯಳ ಗಂಡ ರಾಕೇಶನೂ ಬಂದು ನಿಂತ.

"ನನ್ನ ನೌಕರಿಯಲ್ಲಿ ನಾನು ಹಿಡಿದ ಹಳೇ ಮೋಸಗಳಲ್ಲಿ ಇದೂ ಒಂದು," ಎಂದು ವನಜಮ್ಮನವರು ಪಾವಿನ ತಳವನ್ನು ಬಿಸಿನೀರಲ್ಲಿ ಅದ್ದಿದರು. ಚಾಕುವಿನ ತುದಿಗೆ ಒಳತಳದಿಂದ ಒಂದು ಬಿಲ್ಲೆ ಎದ್ದು ಬಂತು. ಜೇನುಮೇಣ. ಬಣ್ಣ ಕಾಣದ ಹಾಗೆ ಮಸಿ ಬೆರೆಸಿ, ಕರಗಿಸಿ ಹುಯ್ದಿದ್ದರು. "ಒಳಗಿನ ಆಳಕ್ಕೂ ಹೊರಗಿನ ಎತ್ತರಕ್ಕೂ ಒಂದು ಬೆರಳು ವ್ಯತ್ಯಾಸ. ತುಪ್ಪ, ಸಕ್ಕರೆ ಲೋಟದ ಲೆಕ್ಕ, ಅವು ಸರಿಯಾಗೇ ಬಿದ್ದವು. ಮೈದಾ ಮಾತ್ರ ಪಾವಿಗೆ ಒಂದು ಹಿಡಿ ಕಮ್ಮಿ. ಹಿಟ್ಟು ಕಮ್ಮಿಯಾದ್ರೆ ಬಿಸ್ಕತ್ತು ಹರಡದೆ ಏನು ಮಾಡತ್ತೆ? ಓವನ್ನಿನ ತಪ್ಪಲ್ಲ ತುಂಗಮ್ಮ. ಭವ್ಯನ ಕೈದೂ ಅಲ್ಲ."

"ಯಾರು ಮಾಡಿದ್ದು?" ಎಂದ ರಾಕೇಶ.

"ಮೇಣ ಯಾರ ಕೈಗಾದ್ರೂ ಸಿಗತ್ತೆ. ಅದರಿಂದ ಏನೂ ತಿಳಿಯಲ್ಲ. ಆದ್ರೆ ಇದೇ ಪಾವಲ್ಲಿ ದಿನಾ ಅಕ್ಕಿ ಅಳೀತಾರೆ. ಅನ್ನವೂ ಕಮ್ಮಿ ಬೀಳ್ಬೇಕಿತ್ತು, ಬೀಳ್ಲಿಲ್ಲ. ಅಂದ್ರೆ ಅಳೆಯೋರಿಗೆ ಪಾವು ಎಷ್ಟು ಕಮ್ಮಿ ಅಂತ ಗೊತ್ತಿತ್ತು. ಏನಯ್ಯಾ, ಇವತ್ತು ಎಷ್ಟು ಹಿಡಿ?"

"ಪಾವು ಮೂರು, ಹಿಡಿ ನಾಲ್ಕು," ಎಂದು ಓದಿದೆ.

"ಅತಿಥಿಗೆ ಒಂದು. ಉಳಿದ ಮೂರು?"

"ನೀವಿಬ್ರು ಬಂದಿದ್ರಲ್ಲ ಮೇಡಂ, ಅದಕ್ಕೆ," ಎಂದಳು ನಯನ.

"ಇಬ್ಬರು ಹೆಚ್ಚಾದ್ರೆ ಯಾರಾದ್ರೂ ಕೊನೇಲಿ ಒಂದು ಪಾವು ಹೆಚ್ಚು ಹಾಕ್ತಾರೆ ನಯನ. ನೀನು ಪ್ರತಿ ಪಾವಿನ ಬೆನ್ನಿಗೆ ತಪ್ಪದೆ ಒಂದೊಂದು ಹಿಡಿ ಹಾಕಿದೆ." ಮೇಣ ತೆಗೆದ ಪಾವಿಗೆ ಆ ಬಿಲ್ಲೆಯ ಎತ್ತರಕ್ಕೆ ಅಕ್ಕಿ ಸುರಿದು ತೋರಿಸಿದರು. ಸರಿಯಾಗಿ ಒಂದು ಹಿಡಿ ಹಿಡಿಯಿತು.

ನಯನ ಅತ್ತೆಯ ಕಡೆ ತಿರುಗಿದಳು.

"ಹದಿನೆಂಟು ವರ್ಷ ಈ ಮನೆಗೆ ನಾನೇ ಬೇಯಿಸಿ ಹಾಕ್ದೆ ಅತ್ತೆ. ಬಿಸ್ಕತ್ತು ಕಲಿಸಿ ಅಂದ್ರೆ, 'ನಿಂಗೆ ಅನ್ನ ಸಾರೇ ಸರಿ ಬರಲ್ಲ' ಅಂದ್ರಿ. ಇವಳು ಬಂದು ಎಂಟು ತಿಂಗಳು. ಒಂದ್ಸಲ ಮಾಡಿದ್ದಕ್ಕೆ 'ನನ್ನ ಕೈ ಬಂದದೆ' ಅಂತ ಊರೆಲ್ಲ ಹೇಳಿದ್ರಿ. ಹೊಟ್ಟೆ ಉರೀತು. ಉರೀಬಾರ್ದಾ?"

ರಾಕೇಶ ಏನೋ ಹೇಳಲು ಹೋದಾಗ ತುಂಗಮ್ಮನೇ ಕೈ ಅಡ್ಡ ಹಿಡಿದು ತಡೆದರು. "ನೀ ಸುಮ್ನಿರು. ಅಂದಿದ್ದು ನಾನೇ," ಎಂದರು.

ಭವ್ಯ ಪಾವನ್ನು ತೊಳೆದು ಒರೆಸಿದಳು. ಎರಡು ಪಾವು ಮೈದಾ ಅಳೆದು, ಹಿಟ್ಟು ಕಲಸಿ, ಉಂಡೆ ಕಟ್ಟಿ ಓವನ್ನಿಗಿಟ್ಟಳು. ಇಪ್ಪತ್ತೆರಡು ನಿಮಿಷಕ್ಕೆ ತಟ್ಟೆ ಹೊರಬಂತು. ಮೂವತ್ತು ಬಿಸ್ಕತ್ತು, ಎಲ್ಲವೂ ದುಂಡಗೆ, ತಲೆ ಮೇಲೆ ಸಣ್ಣ ಬಿರುಕು. ತುಂಗಮ್ಮ ಒಂದನ್ನು ಬೆರಳಲ್ಲಿ ಸವರಿ ನೋಡಿ ಬಾಯಿಗೆ ಹಾಕಿಕೊಂಡರು. "ಇದು ಬಿಸ್ಕತ್ತು. ನಾಳೆ ಬೇಕರಿಯಿಂದ ಎಂತದ್ದೂ ಬೇಡ," ಎಂದರು.

ಭವ್ಯ ತಟ್ಟೆಯನ್ನು ನಯನಳ ಮುಂದೆ ಹಿಡಿದಳು. "ತಗೋ ಅಕ್ಕ."

ನಯನ ಬಹಳ ಹೊತ್ತು ನೋಡಿ, ಒಂದು ತೆಗೆದುಕೊಂಡು, ನಿಧಾನವಾಗಿ ಪೂರ್ತಿ ತಿಂದಳು.

"ತುಪ್ಪ ಒಂಚೂರು ಕಮ್ಮಿ," ಎಂದಳು.

ನಾನು ಮೂರು ತಿಂದೆ. ತುಪ್ಪ ಕಮ್ಮಿಯಾಗಿರಲಿಲ್ಲ.