ಎದುರು ನಿಂತು ಹೇಳುವ ಮಾತು

ಆ ಬುಧವಾರ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಗೋರೆಗಾಂವ್‌ನ ಕಾಲೇಜೊಂದರ ಗ್ರಂಥಾಲಯದ ಬಾಗಿಲಲ್ಲಿ ಒಬ್ಬ ಅಪರಿಚಿತ ಬಂದು ನಿಂತ. ಅಂಗಿ ಬೆವರಿಗೆ ಮೈಗಂಟಿತ್ತು. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದ. ಗ್ರಂಥಾಲಯಕ್ಕೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ. ಅಲ್ಲಿ ಗ್ರಂಥಪಾಲಕಿಯಾಗಿದ್ದ ಶುಭಾಂಗಿಯ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

"ಶುಭಾಂಗಿ ಅಂದ್ರೆ ನೀವಾ?"

"ಹೌದು. ಏನು ಬೇಕಿತ್ತು?"

"ನಾನು ಸೃಜನ್. ಗ್ರಾಂಟ್ ರೋಡ್‌ನಲ್ಲಿ ನಮ್ಮ ಹೋಟೆಲುಂಟು. ಮಾಸ್ಟ್ರು... ನಿಮ್ಮ ಅಪ್ಪ... ಬುಧವಾರ ಅಲ್ಲಿಗೇ ಬರುವುದಲ್ಲವಾ?"

ಆ ಹೆಸರನ್ನು ತಂದೆಯ ಬಾಯಲ್ಲಿ ಅವಳು ಎಷ್ಟೋ ಸಲ ಕೇಳಿದ್ದಳು. ಮುಖ ನೋಡಿದ್ದು ಇಂದೇ.

"ಊಟ ಆಯ್ತಾ ನಿಮ್ಮದು?" ಎಂದು ಅವನು ಕೇಳಿದ.

ಇದೆಂಥ ಪ್ರಶ್ನೆ! "ಆತು. ಯಾಕ್ರಿ? ಅಪ್ಪ ಎಲ್ಲಿದ್ದಾರ?"

ಅವನು ಪಕ್ಕದ ಕುರ್ಚಿಯನ್ನೆಳೆದು ಅವಳ ಹಿಂದೆ ಇಟ್ಟ. ಅವಳು ಕುಳಿತ ಮೇಲೂ ತಾನು ನಿಂತೇ ಇದ್ದ.

"ಹನ್ನೆರಡು ಗಂಟೆಗೆ ಮಾಸ್ಟ್ರಿಗೆ ಎದೆನೋವು ಬಂತು. ಕೂಡಲೇ ಆಸ್ಪತ್ರೆಗೆ ಸೇರಿಸಿದೆವು. ಹನ್ನೆರಡೂ ಮುಕ್ಕಾಲಿಗೆ... ಮಾಸ್ಟ್ರು ಹೋದರು."

ಶುಭಾಂಗಿಗೆ ಅಳು ಬರಲಿಲ್ಲ. ಗೋಡೆಯ ಗಡಿಯಾರವನ್ನು ನೋಡಿದಳು.

"ಒಂದೂವರಿ ಆಗೇತಿ ಈಗ. ನಿಮ್ಮ ಕಡೆ ಫೋನ್ ಇರಲಿಲ್ಲೇನು?"

"ಇತ್ತು."

"ನನ್ನ ನಂಬರು?"

"ಅದೂ ಇತ್ತು."

"ಮುಕ್ಕಾಲು ತಾಸು ಅಪ್ಪ ಬದುಕಿದ್ರು! ನಾ ಬಂದು ಮುಟ್ಟದಿದ್ರೂ ಫೋನಿನ್ಯಾಗ ಒಂದು ಮಾತರ ಕೇಳ್ತಿದ್ದೆ... ಒಂದ ಒಂದು ಮಾತು! ಅದನ್ನ ಕಸಗೊಳ್ಳಾಕ ನೀವು ಯಾರು?"

ಅವನ ತುಟಿ ಏನೋ ಹೇಳಲು ಅಲುಗಿತು. ತಲೆ ತಗ್ಗಿಸಿದ.

"ತಪ್ಪಾಯ್ತು. ಇಂಥದ್ದನ್ನು ಫೋನ್‌ನಲ್ಲಿ ಹೇಳ್ಲಿಕ್ಕೆ ನನಗೆ ಮನಸ್ಸು ಬರಲಿಲ್ಲ."

ಅಷ್ಟೇ. ಅವಳು ಆಗ ಅತ್ತಳು.

* * *

ಗುರಲಿಂಗಪ್ಪ ಮಾಸ್ತರರು ವಿಜಯಪುರದ ಕಡೆಯವರು. ಮುಂಬಯಿಯ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ದಹಿಸರ್‌ನ ಎರಡು ಕೋಣೆಯ ಮನೆಯಲ್ಲಿ ತಂದೆ, ಮಗಳು ಇಬ್ಬರೇ. ಅವರು ಒಂದು ಪುಸ್ತಕ ಬರೆಯುತ್ತಿದ್ದರು. ಅದರ ಹೆಸರು 'ದಾಕ್ಷಿಣ್ಯ'. ನಡುಗಾಲದ ಜನ ಒಬ್ಬರನ್ನೊಬ್ಬರು ಹೇಗೆ ಗೌರವಿಸುತ್ತಿದ್ದರು ಎಂಬುದೇ ಅದರ ವಿಷಯ.

ಯುರೋಪಿನಲ್ಲಿ ಕುದುರೆಯೇರಿದ ಸರದಾರರಿಗೆ ಕತ್ತಿ ಬೀಸುವುದನ್ನು ಕಲಿಸುವ ಮೊದಲು ಊಟಕ್ಕೆ ಕೂರುವುದನ್ನು ಕಲಿಸುತ್ತಿದ್ದರಂತೆ. ಒಳ್ಳೆಯ ತುಂಡನ್ನು ಪಕ್ಕದವರ ತಟ್ಟೆಗೆ ಸರಿಸಬೇಕು. ಹೆಣ್ಣಿನ ಹೆಸರನ್ನು ಸಂತೆಯಲ್ಲಿ ಎತ್ತಬಾರದು. ಎದುರಾಳಿ ಕುದುರೆಯಿಂದ ಬಿದ್ದರೆ ಅವನು ಎದ್ದು ನಿಲ್ಲುವ ತನಕ ಕಾಯಬೇಕು. ನಮ್ಮ ಸೀಮೆಯಲ್ಲಿಯೂ ಹೆಣ್ಣುಮಕ್ಕಳ ಮೊರೆ ಕೇಳಿ ಓಡಿಹೋಗಿ ಮಡಿದವರ ವೀರಗಲ್ಲುಗಳು ಹೊಲದ ಬದುವಿನಲ್ಲಿ ನಿಂತಿವೆಯಲ್ಲ! ಇವೆಲ್ಲವನ್ನೂ ಮಾಸ್ತರರು ಕೈಬರಹದಲ್ಲಿ ಬರೆಯುವರು. ಬುಧವಾರ ಲೋಕಲ್ ರೈಲು ಹಿಡಿದು ಗ್ರಾಂಟ್ ರೋಡಿಗೆ ಹೋಗುವರು. ಅಲ್ಲಿ ಸೃಜನ್ ಅದನ್ನು ಕಂಪ್ಯೂಟರಿಗೆ ಏರಿಸುವನು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಅವನಿಗೆ ಓದಲು ಬರುವ ಕನ್ನಡವೆಲ್ಲ ಆ ಹಾಳೆಗಳಿಂದಲೇ ಬಂದದ್ದು.

ಮಣ್ಣು ಕೊಟ್ಟ ದಿನದಿಂದ ಶಿವಗಣಾರಾಧನೆ ಮುಗಿಯುವ ತನಕ ಆ ಮನೆಯ ಎಲ್ಲ ಓಡಾಟವನ್ನೂ ಸೃಜನ್ ಹೊತ್ತ. ಶುಭಾಂಗಿ ಅವನ ಕಡೆ ನೋಡಲೂ ಇಲ್ಲ.

ವಿಜಯಪುರದಿಂದ ಬಂದಿದ್ದ ಸೋದರತ್ತೆ ಇಂದ್ರಾಬಾಯಿ ನೋಡಿದಳು.

"ಶುಭಾ, ಆ ಹುಡುಗ ಯಾರವ್ವ? ಬಂದಾಗಿಂದ ನೋಡಾಕತ್ತೀನಿ, ನಿಂತಾಂವ ಕುಂತಿಲ್ಲ."

"ಹೋಟೆಲಿನಾಂವ, ಅತ್ತಿ."

"ಹೋಟೆಲಿನಾಂವ ಆದ್ರ ನಿಂತ ಇರಬೇಕೇನ? ಕೂಡು ಅನ್ನವಾ!"

"ನೀವ ಅನ್ರಿ. ನನಗ ಅವರ ಜೋಡಿ ಮಾತಿಲ್ಲ."

ಆದರೆ ಮಾತಿಲ್ಲದೆ ತೀರುವಂತಿರಲಿಲ್ಲ. ಪುಸ್ತಕದ ಟೈಪಿಂಗ್ ಅರ್ಧಕ್ಕೆ ನಿಂತಿತ್ತು. ನಡುಗುವ ಕೈಯಲ್ಲಿ ಬರೆದ ಕೊನೆಯ ಅಧ್ಯಾಯಗಳನ್ನು ಮಗಳ ಹೊರತು ಬೇರೆ ಯಾರೂ ಓದಲಾರರು. "ಅಣ್ಣನ ಕೆಲಸ ಅರ್ಧಕ್ಕ ಬಿಟ್ರ ಅವನ ಜೀವಕ್ಕ ಸಮಾಧಾನ ಇರಾಂಗಿಲ್ಲ" ಎಂದು ಅತ್ತೆ ಹಟ ಹಿಡಿದಳು. ಶುಭಾಂಗಿ ಬುಧವಾರ ಕಾಲೇಜಿನಿಂದ ಅರ್ಧ ದಿನ ರಜೆ ಪಡೆದು ಗ್ರಾಂಟ್ ರೋಡಿಗೆ ಹೊರಟಳು.

* * *

ಮೊದಲ ಬುಧವಾರ ಅವಳು ಓದಿದಳು, ಅವನು ಟೈಪ್ ಮಾಡಿದ. ಬೇರೆ ಮಾತಿಲ್ಲ.

ಎರಡನೆಯ ಬುಧವಾರ ಬಿಸಿ ಗೋಳಿಬಜೆಯ ತಟ್ಟೆ ಬಂತು. ಊಟದ ಶಿಷ್ಟಾಚಾರದ ಅಧ್ಯಾಯವೇ ನಡೆದಿತ್ತು. ಸೃಜನ್ ತಟ್ಟೆಯನ್ನು ನೋಡಿದ, ಹಾಳೆಯನ್ನು ನೋಡಿದ, ಎಲ್ಲಕ್ಕಿಂತ ದೊಡ್ಡ ಗೋಳಿಬಜೆಯನ್ನು ಬಹಳ ಗಂಭೀರವಾಗಿ ಅವಳ ಕಡೆಗೆ ಸರಿಸಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುದುಕ ಅಡುಗೆಯವ ಮೋನಪ್ಪ ಕೂಗಿದ: "ಅದರೊಳಗೆ ಹಸಿ ಉಂಟು ಮಾರಾಯ! ದೊಡ್ಡದು ಬೇಯ್ಲಿಲ್ಲ. ಸಣ್ಣದು ಕೊಡು!"

ಶುಭಾಂಗಿ ನಕ್ಕುಬಿಟ್ಟಳು! ತಂದೆ ಹೋದ ಮೇಲೆ ಅದೇ ಮೊದಲ ನಗು. ನಕ್ಕ ಮರುಕ್ಷಣ ಎದೆಯಲ್ಲಿ ಚುಚ್ಚಿತು... 'ನಾನು ಇವನೆದುರು ನಗಬಹುದೇ? ಅಪ್ಪನ ಕೊನೆಯ ಮಾತನ್ನು ನನ್ನಿಂದ ಕಸಿದವನಲ್ಲವೇ ಇವನು?'

ಬುಧವಾರಗಳು ಸರಿದವು. ಅವಳು ಬರುವ ಹೊತ್ತಿಗೆ ಮೂಲೆಯ ಮೇಜು ಒರೆಸಿ ಸಿದ್ಧವಾಗಿರುತ್ತಿತ್ತು. ಓದುತ್ತ ಓದುತ್ತ ಅವಳ ದನಿ ಕಟ್ಟಿದರೆ, ಏನೋ ಕೆಲಸ ನೆನಪಾದವನಂತೆ ಅವನು ಎದ್ದು ಹೋಗುತ್ತಿದ್ದ. ಅವಳು ಕಣ್ಣೊರೆಸಿಕೊಂಡಾದ ಮೇಲೆಯೇ ಬರುತ್ತಿದ್ದ. ಸಂಜೆ ಸ್ಟೇಷನ್ನಿನ ತನಕ ಎರಡು ಹೆಜ್ಜೆ ಹಿಂದೆ ನಡೆದು ಬಂದು, ಲೋಕಲ್ ಹೊರಟ ಮೇಲೆ ಹಿಂತಿರುಗುತ್ತಿದ್ದ.

ನನ್ನ ಕಣ್ಣೀರಿಗೂ ಮರ್ಯಾದೆ ಕೊಡುವ ಈ ಮನುಷ್ಯ ಅಂದು ಅಷ್ಟು ಕಲ್ಲಾದದ್ದು ಹೇಗೆ? ಈ ಪ್ರಶ್ನೆ ಅವಳನ್ನು ಹಗಲಿರುಳು ಕಾಡಿತು. ಸಿಟ್ಟು ಇನ್ನೂ ಇತ್ತು. ಅದರ ಬದಿಯಲ್ಲೇ ಬುಧವಾರಕ್ಕಾಗಿ ದಿನ ಎಣಿಸುವ ಮನಸ್ಸೂ ಬೆಳೆದಿತ್ತು. ಯಾವುದನ್ನು ನಂಬಬೇಕು, ದೇವರೇ?

ಐದನೆಯ ಬುಧವಾರ ಕೊನೆಯ ಹಾಳೆ ಮುಗಿಯಿತು.

"ಸೋಮವಾರ ಅತ್ತಿ ಜೋಡಿ ವಿಜಯಪುರಕ್ಕ ಹೊಂಟೀನಿ," ಎಂದಳು. "ಅಲ್ಲೊಂದು ಸಂಬಂಧ ನೋಡ್ಯಾರ. ಹೂಂ ಅಂದ್ರ ಅಲ್ಲೇ..."

ಅವನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. "ಒಳ್ಳೇದಾಗ್ಲಿ ನಿಮಗೆ" ಎಂದ.

"ಇಷ್ಟೇ ಏನು?"

ಅವನು ಹಾಳೆಗಳನ್ನು ಜೋಡಿಸತೊಡಗಿದ.

"ಹೋಗೂದ್ರೊಳಗ ಒಂದು ಖರೇ ಹೇಳ್ರಿ. ಅವತ್ತ ಯಾಕ ಫೋನ್ ಮಾಡಲಿಲ್ಲ?"

"ಹೇಳಿದೆನಲ್ಲ... ಮನಸ್ಸು ಬರಲಿಲ್ಲ. ತಪ್ಪು ನನ್ನದೇ."

ಶುಭಾಂಗಿ ಎದ್ದಳು. "ಇಷ್ಟು ದಿನ ನಿಮ್ಮನ್ನ ಕ್ಷಮಾ ಮಾಡಾಕ ಒಂದು ಕಾರಣ ಹುಡುಕಿದೆ ನಾ. ನೀವ ಕೊಡವಲ್ರಿ! ಇರ್ಲಿ. ಬರ್ತೀನಿ."

ಹೊರಗೆ ಫುಟ್‌ಪಾತ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಣ್ಣು ಮಂಜಾಗಿ ಯಾರಿಗೋ ಡಿಕ್ಕಿ ಹೊಡೆದಳು. "ಅರೇ ಮೇಡಂ, ದೇಖ್ ಕೆ!" ಎಂದು ಗೊಣಗುತ್ತ ಆತ ಮುಂದೆ ಹೋದ.

"ಮಗಳೇ, ನಿಲ್ಲು! ನನ್ನ ಮೊಣಕಾಲು ನಿನ್ನಷ್ಟು ಓಡುದಿಲ್ಲ ಮಾರಾಯ್ತಿ!"

ಮೋನಪ್ಪ ಏದುಸಿರು ಬಿಡುತ್ತ ಬಂದ. ಹೆಗಲ ಮೇಲೆ ಹಿಟ್ಟು ಮೆತ್ತಿದ ಕೈವಸ್ತ್ರ ಹಾಗೆಯೇ ಇತ್ತು.

"ಹೇಳಬಾರದು ಅಂತ ಸೃಜನ್ ನನ್ನ ಹತ್ರ ಆಣೆ ಹಾಕಿಸಿದ್ದಾನೆ. ಆದ್ರೆ ನಾನು ಸರದಾರನೂ ಅಲ್ಲ, ಎಂತದೂ ಅಲ್ಲ. ದೋಸೆ ಎರೆಯುವವ. ನನ್ನ ಬಾಯಿ ನಿಲ್ಲುದಿಲ್ಲ."

"ಏನು, ಮೋನಪ್ಪಣ್ಣ?"

"ಫೋನ್ ಮಾಡಬೇಡ ಅಂದದ್ದು ಅವನಲ್ಲ. ನಿನ್ನ ಅಪ್ಪ."

ಶುಭಾಂಗಿ ಪಕ್ಕದ ಅಂಗಡಿಯ ಕಂಬ ಹಿಡಿದುಕೊಂಡಳು.

"ಆಸ್ಪತ್ರೆಗೆ ಹೋದ ಕೂಡಲೇ ಸೃಜನ್ ಫೋನ್ ತೆಗೆದ. ಮಾಸ್ಟ್ರು ಅವನ ಕೈ ಹಿಡಿದ್ರು. 'ಅವರವ್ವ ಹೋದಾಗ ನಾನೇ ಫೋನ್‌ನಲ್ಲಿ ಹೇಳಿದೆ. ಹುಡುಗಿ ದಾದರ್ ಸ್ಟೇಷನ್ ಮೆಟ್ಟಿಲ ಮೇಲೆ ಒಬ್ಬಳೇ ಬಿದ್ದಳು. ಆ ಪಾಪ ಎರಡು ಸಲ ಬೇಡ' ಅಂದ್ರು. 'ನೀನೇ ಹೋಗು. ಉಂಡಿದ್ದಾಳಾ ಕೇಳು. ಕೂರಿಸಿ ಹೇಳು. ಕರ್ಕೊಂಡು ಬಾ' ಅಂದ್ರು. ಅವ ಓಡಿದ. ಅವ ಲೋಕಲ್‌ನಲ್ಲಿರುವಾಗ್ಲೇ ಮಾಸ್ಟ್ರು ಹೋದದ್ದು. ಫೋನ್ ಮಾಡಿ ಅವನಿಗೆ ಹೇಳಿದ್ದು ನಾನು."

ಆರು ವರ್ಷದ ಹಿಂದಿನ ಆ ಸಂಜೆ! ಕಿವಿಯಲ್ಲಿ ತಂದೆಯ ದನಿ, ಕಾಲಡಿಯಲ್ಲಿ ಜಾರಿದ ಮೆಟ್ಟಿಲು, ಮುರಿದ ಮುಂಗೈ, ಗುರುತಿಲ್ಲದ ಜನ ಎತ್ತಿ ಕೂರಿಸಿದ್ದು... ಅಪ್ಪ ಅದನ್ನು ಇಷ್ಟು ವರ್ಷ ಎದೆಯಲ್ಲಿ ಹೊತ್ತಿದ್ದರೇ?

ಅವಳು ತಿರುಗಿ ನಡೆದಳು. ಸೃಜನ್ ಅದೇ ಮೇಜಿನ ಬಳಿ ನಿಂತಿದ್ದ. ಹಿಂದೆ ಬಂದ ಮೋನಪ್ಪನ ಮುಖ ನೋಡಿದೊಡನೆ ಅವನಿಗೆ ಎಲ್ಲ ತಿಳಿಯಿತು.

"ಹೇಳಿಬಿಟ್ರಾ..."

"ಯಾಕ ಮುಚ್ಚಿಟ್ರಿ?" ಎಂದಳು ಶುಭಾಂಗಿ.

"ಮಾಸ್ಟ್ರು ಫೋನ್ ಬೇಡ ಅಂದ್ರು ಅಂತ ಗೊತ್ತಾದ್ರೆ ನಿಮಗೆ ಅವರ ಮೇಲೆ ಬೇಜಾರಾಗ್ತಿತ್ತು. ತೀರಿಹೋದವರು ಎದ್ದು ಬಂದು ಸಮಾಧಾನ ಹೇಳ್ಲಿಕ್ಕೆ ಆಗುದಿಲ್ಲ. ನಾನಾದ್ರೆ ಬದುಕಿದ್ದೇನೆ... ನಿಮ್ಮ ಸಿಟ್ಟು ತಡ್ಕೊಳ್ತೇನೆ ಅಂತ..."

"ಭಾರಿ ಸರದಾರರು ಇಬ್ಬರೂ!" ಅವಳ ಕಣ್ಣೀರು ಹರಿಯಿತು. "ಅವರು ನನಗ ನೋವಾಗಬಾರದು ಅಂದ್ರು, ನೀವು ಅವರ ಹೆಸರಿಗೆ ಮಸಿ ಹತ್ತಬಾರದು ಅಂದ್ರಿ. ನಿನಗೇನು ಬೇಕವ್ವ ಅಂತ ನನ್ನ ಒಬ್ಬರರ ಕೇಳಿದ್ರೇನು? ನಮ್ಮಪ್ಪನ ಮ್ಯಾಲೆ ಸಿಟ್ಟಾಗೂ ಹಕ್ಕು ಸೈತ ನನಗ ಬಿಡಲಿಲ್ಲ ನೀವು. ಅದೂ ನನ್ನದಲ್ಲೇನು?"

ಮಾಸ್ತರರ ನೂರೆಂಬತ್ತು ಹಾಳೆಗಳನ್ನು ಟೈಪ್ ಮಾಡಿದ್ದ ಸೃಜನ್‌ಗೆ ಈ ಮಾತು ಅದರಲ್ಲಿ ಎಲ್ಲಿಯೂ ಸಿಕ್ಕಿರಲಿಲ್ಲ.

"ನಿಮ್ಮದು. ಖಂಡಿತ ನಿಮ್ಮದೇ," ಎಂದ. "ಅವತ್ತು ತಪ್ಪಾಯ್ತು ಅಂದದ್ದು ಬಾಯಿಮಾತು. ಇದು ನಿಜವಾದ ತಪ್ಪು. ಇನ್ನು ನಿಮ್ಮನ್ನು ಕೇಳದೆ ನಿಮ್ಮ ಬಗ್ಗೆ ಎಂತದನ್ನೂ ತೀರ್ಮಾನ ಮಾಡುದಿಲ್ಲ."

ಮೋನಪ್ಪ ಕೈವಸ್ತ್ರ ಕೊಡವಿಕೊಂಡು ಅಡುಗೆಮನೆಯೊಳಕ್ಕೆ ಸರಿದ. ಆದರೆ ಬಾಗಿಲು ಮುಚ್ಚಲಿಲ್ಲ!

ಶುಭಾಂಗಿ ಕಣ್ಣೊರೆಸಿಕೊಂಡಳು. ಈ ಸಲ ಸೃಜನ್ ಅಲ್ಲಿಂದ ಹೋಗಲಿಲ್ಲ.

"ಮತ್ತ ವಿಜಯಪುರದ ಸಂಬಂಧಕ್ಕ 'ಒಳ್ಳೇದಾಗ್ಲಿ' ಅಂದ್ರಲ್ಲ, ಅದು ಖರೇನೋ, ಅದೂ ಬಾಯಿಮಾತೋ?"

"ಅದು... ನೀವು ದುಃಖದಲ್ಲಿದ್ರಿ. ಬಿದ್ದವರು ಏಳುವ ತನಕ ಕಾಯಬೇಕಲ್ಲ. ಅಷ್ಟು ಕೆಲಸ ಮಾಡಿಕೊಟ್ಟು, ಅದರ ಮೇಲೆ ಇಂಥ ಮಾತು ಕೇಳಿದ್ರೆ, ನೀವು ದಾಕ್ಷಿಣ್ಯಕ್ಕೆ ಹೂಂ ಅಂದುಬಿಟ್ರೆ ಅಂತ ಹೆದರಿಕೆ."

"ನಾ ಎದ್ದು ನಿಂತೀನಿ. ದಾಕ್ಷಿಣ್ಯಕ್ಕ ಹೂಂ ಅನ್ನೂ ಪೈಕಿ ಅಲ್ಲ ನಾ. ಕೇಳೂದಿದ್ರ ಈಗ ಕೇಳ್ರಿ. ಮುಖ ನೋಡಿ ಕೇಳ್ರಿ."

ಅವನು ಮುಖ ಎತ್ತಿದ. "ನನಗೆ ನೀವು ಬೇಕು, ಶುಭಾಂಗಿ. ಬುಧವಾರ ಮಾತ್ರ ಅಲ್ಲ. ಎಲ್ಲ ದಿನ. ನಿಮಗೆ... ನಿಮಗೆ ಎಂತ ಬೇಕು?"

ಹುಟ್ಟಿದಂದಿನಿಂದ ಅವಳನ್ನು ಎಲ್ಲರೂ ಪ್ರೀತಿಯಿಂದ ಕಾಪಾಡಿದ್ದರು. ಹೀಗೆ ಕೇಳಿದವನು ಇವನೊಬ್ಬನೇ.

"ನನಗ ಸೋಮವಾರದ ಟಿಕೆಟ್ ರದ್ದು ಮಾಡಬೇಕಾಗೇತಿ," ಎಂದಳು ಶುಭಾಂಗಿ ಮೆಲ್ಲಗೆ. "ಅತ್ತಿಗೆ ಹೇಳಾಕ ನನ್ನ ಜೋಡಿ ಬರ್ತೀರೇನು?"

* * *

ಇಂದ್ರಾಬಾಯಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಭಾನುವಾರ. ಅಣ್ಣನ ಗದ್ದುಗೆಗೆ ಹೋಗಿಬರಲು ಬೆಳಿಗ್ಗೆಯೇ ಸಿದ್ಧಳಾಗಿ, "ಅಂವಗೂ ಬಾ ಅನ್ನು" ಎಂದಳು.

ರುದ್ರಭೂಮಿಯ ಬಾಗಿಲಲ್ಲಿ ಸೃಜನ್ ಬಿಲ್ವಪತ್ರೆ ಹಿಡಿದು ಕಾದಿದ್ದ.

"ಏ ತಮ್ಮಾ," ಎಂದಳು ಇಂದ್ರಾಬಾಯಿ. "ನೀವು ಕರಾವಳಿ ಮಂದಿ ಸಾರಿಗೆ ಬೆಲ್ಲಾ ಹಾಕ್ತೀರಂತಲ್ಲ?"

"ನಿಮಗೆ ಬೇಡಾದ್ರೆ ಹಾಕುದಿಲ್ಲ, ಅಮ್ಮ."

"ನನಗಲ್ಲೋ! ಉಣ್ಣಾಕಿ ಆಕಿ. ಆಕಿನ್ನ ಕೇಳು." ಮುದುಕಿ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಮತ್ತ... ಅಮ್ಮ ಅನ್ನಬ್ಯಾಡ. ಆಕಿ ಅಂದ್ಹಂಗ ಅತ್ತಿ ಅನ್ನು."

ಮೂವರೂ ಮಣ್ಣಿನ ಎದುರು ಕುಳಿತರು. ಇಂದ್ರಾಬಾಯಿ ವಿಭೂತಿ ಧರಿಸಿದಳು, ಇಬ್ಬರ ಹಣೆಗೂ ಹಚ್ಚಿದಳು. ಬೇಲಿಯಾಚೆ ಊರಿನ ಗದ್ದಲ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

"ಅಪ್ಪನ ಮ್ಯಾಲೆ ಸಿಟ್ಟು ಇನ್ನೂ ಒಂಚೂರು ಐತಿ," ಎಂದು ಶುಭಾಂಗಿ ಪಿಸುಗುಟ್ಟಿದಳು.

"ಇರ್ಲಿ," ಎಂದ ಸೃಜನ್. "ಪ್ರೀತಿ ಇದ್ದಲ್ಲಿ ಇರ್ತದೆ. ನಾನು ಇಲ್ಲೇ ಕೂತಿರ್ತೇನೆ."

ಅವಳು ಅವನ ಕೈಯನ್ನು ತಾನಾಗಿಯೇ ಹಿಡಿದಳು. ಕಣ್ಣು ಮುಚ್ಚಿದಳು.

'ಶಿವನೇ, ಹೋದ ಜೀವ ನಿನ್ನದು, ಉಳಿದ ಜೀವಗಳೂ ನಿನ್ನವೇ. ನಮ್ಮಪ್ಪ ಯಾರ ಮನಸ್ಸನ್ನೂ ತಿಳಿದು ನೋಯಿಸಿದವರಲ್ಲ. ತಿಳಿಯದೆ ನೋಯಿಸಿದ್ದನ್ನು ನಾನು ಇಂದು ಮನ್ನಿಸಿದ್ದೇನೆ, ನೀನೂ ಮನ್ನಿಸು. ದಣಿದು ಬಂದಿದ್ದಾರೆ, ಅವರನ್ನು ನಿನ್ನ ಹತ್ತಿರ ಕೂರಿಸಿಕೋ. ಮಗಳು ಹೇಗಿದ್ದಾಳೋ ಎಂಬ ಚಿಂತೆ ಅವರಿಗೆ ಇನ್ನು ಬೇಡ. ಆ ಆತ್ಮಕ್ಕೆ ಶಾಂತಿ ಕೊಡು, ತಂದೆ... ಶಾಂತಿ ಕೊಡು.'