ಎಟುಕದ ಮರೆವು

ಸದ್ದು ಕೇಳಿ ಪಕ್ಕದ ಮನೆಯ ಬಡಗಿ ಬಾಗಿಲು ತೆರೆದಾಗ ಸಿಸ್ಟರ್ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಸ್ಟೂಲು ಒಂದು ಕಡೆ, ಅವರು ಒಂದು ಕಡೆ. ಸೊಂಟದ ಮೂಳೆ ಮುರಿದಿತ್ತು. ಬಾಯಿ ಮಾತ್ರ ಗಟ್ಟಿಯಾಗಿತ್ತು.

"ಆಂಬುಲೆನ್ಸಿಗೆ ಫೋನ್ ಮಾಡು. ಹಾಗೇ ಪೊಲೀಸರಿಗೂ ಮಾಡು" ಎಂದರಂತೆ.

ಹಾಗಾಗಿ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಬಂದಳು. ಬರುವ ಮೊದಲೇ ಮೇಲಿನ ಸಾಹೇಬರು ಹೇಳಿ ಕಳಿಸಿದ್ದರು: ವಯಸ್ಸಾದವರು, ಬಿದ್ದಿದ್ದಾರೆ, ಎರಡು ಸಾಲು ಬರೆದು ಮುಗಿಸಮ್ಮ.

ಸಿಸ್ಟರ್ ಹಾಸಿಗೆಯಲ್ಲಿ ಅಂಗೈಯಗಲ ಕಾಣುತ್ತಿದ್ದರು. ಅಷ್ಟು ಪುಟ್ಟ ಹೆಂಗಸು. ಇಡೀ ಸರ್ವೀಸನ್ನು ಆಪರೇಷನ್ ಥಿಯೇಟರಿನಲ್ಲಿ ಕಳೆದ ನರ್ಸು. ರಿಟೈರಾದರೂ ಬೀದಿಗೆಲ್ಲ ಸಿಸ್ಟರ್ರೇ.

"ನಾನು ಬೀಳಲಿಲ್ಲ" ಎಂದರು. "ನನ್ನನ್ನ ಬೀಳಿಸಿದ್ರು."

ಯಾರೋ ಮನೆಗೆ ಬಂದು ಸಾಮಾನು ಜಾಗ ಬದಲಾಯಿಸುತ್ತಾರೆ ಎಂಬುದು ಅವರ ದೂರು. ಮೊದಲು ಕತ್ತರಿ ಹೋಯಿತು. ಆಮೇಲೆ ಬೀಗದ ಕೈ, ಆಮೇಲೆ ಮಾತ್ರೆ ಡಬ್ಬಿ. ಈಗ ಕನ್ನಡಕ. ಅದನ್ನು ಹುಡುಕಲೆಂದೇ ಸ್ಟೂಲು ಹತ್ತಿದ್ದು. ಸ್ಟೂಲು ವಾಲಿತು, ಕೈಗೆ ಏನೂ ಸಿಗಲಿಲ್ಲ.

ಹೊರಗೆ ಅವರಷ್ಟೇ ಗಿಡ್ಡನೆಯ ಅವರ ತಮ್ಮ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ. "ಅರವತ್ತಕ್ಕೆ ಅರಳು ಮರಳು ಅಂತಾರೆ ಮೇಡಂ. ನಮ್ಮಕ್ಕನಿಗೆ ಸ್ವಲ್ಪ ಲೇಟಾಗಿ ಬಂದಿದೆ, ಅಷ್ಟೇ."

ಕೆಟ್ಟವನಲ್ಲ. ಹೆದರಿದ್ದ. ಅಕ್ಕ ಒಬ್ಬಳೇ ಇರಲು ಯೋಗ್ಯಳೋ ಅಲ್ಲವೋ ಎಂದು ಆಸ್ಪತ್ರೆಯವರು ಮರುದಿನ ತೀರ್ಮಾನಿಸುತ್ತಾರಂತೆ. ಅಲ್ಲ ಎಂದರೆ ಅಕ್ಕನ ಮನೆಗೆ ಬೀಗ. ದೇವರ ದಯೆ, ದೊಡ್ಡ ಡಾಕ್ಟ್ರು ಇದ್ದಾರೆ ಎಂದ. ಅವರು ಆಪರೇಷನ್ ಮಾಡುತ್ತಿದ್ದವರು, ಅಕ್ಕ ಇಷ್ಟು ಕಾಲ ಅವರ ಕೈಕೆಳಗೇ ಕೆಲಸ ಮಾಡಿದ್ದು. ಅವರೂ ರಿಟೈರು, ಅವರೂ ಒಂಟಿ. ಹಿರಿಯರ ವಸತಿ ಸಮುಚ್ಚಯದಲ್ಲಿ ಅಕ್ಕಪಕ್ಕದ ಎರಡು ಫ್ಲ್ಯಾಟು ಹಿಡಿದಿದ್ದಾರೆ. ಒಂದು ತಮಗೆ, ಒಂದು ಅಕ್ಕನಿಗೆ. ನಡುವಿನ ಗೋಡೆಗೆ ಬಾಗಿಲು ಬೇರೆ ಇಡಿಸಿದ್ದಾರೆ. ಅಕ್ಕ ಒಲ್ಲೆ ಅಂದಳು. ಆದರೂ ಡಾಕ್ಟ್ರು ಬೇಸರಿಸಿಕೊಳ್ಳಲಿಲ್ಲ. ಏನು ಕಳೆದರೂ ಅಕ್ಕ ಫೋನ್ ಮಾಡಿದ ತಕ್ಷಣ ಓಡಿ ಬಂದು ಹುಡುಕಿ ಕೊಡುತ್ತಿದ್ದರು. ಅಂಥವರು ಈ ಕಾಲದಲ್ಲಿ ಎಲ್ಲಿ.

ಅಂಥವರು ಅಷ್ಟರಲ್ಲಿ ವಾರ್ಡಿನೊಳಗೇ ಇದ್ದರು. ಆರಡಿ ಆಳು, ಇಸ್ತ್ರಿ ಮಾಡಿದ ಅಂಗಿ. ಮಂಚದ ಪಕ್ಕ ಕೂತು ಕಾಫಿ ಕುಡಿಯುತ್ತಾ ಸಿಸ್ಟರಿಗೆ ಬುದ್ಧಿ ಹೇಳುತ್ತಿದ್ದರು. ಕಾಫಿ ಮುಗಿಯಿತು. ಲೋಟ ಹಿಡಿದ ಕೈಯನ್ನು ನೋಡದೆಯೇ ಬಲಕ್ಕೆ ಚಾಚಿದರು. ಸೊಂಟ ಮುರಿದ ಹೆಂಗಸು ಹಾಸಿಗೆಯಿಂದಲೇ ಕೈ ನೀಡಿ ಅದನ್ನು ತೆಗೆದುಕೊಂಡಳು.

ಇಬ್ಬರಿಗೂ ಅದು ಗೊತ್ತೇ ಆಗಲಿಲ್ಲ. ಇನ್ಸ್‌ಪೆಕ್ಟರಿಗೆ ಮೈ ಉರಿಯಿತು.

\* \* \*

ಮನೆಯ ಬೀಗ ಮುರಿದಿರಲಿಲ್ಲ. ಬೇರೆ ಕೀಲಿ ಇದ್ದದ್ದು ಮೂವರ ಬಳಿ. ತಮ್ಮ, ದೊಡ್ಡ ಡಾಕ್ಟ್ರು, ಪಕ್ಕದ ಮನೆಯ ಬಡಗಿ.

ಬಡಗಿಯ ಮೇಲೆ ಅನುಮಾನ ಬರುವುದು ಸಹಜವಾಗಿತ್ತು. ಅವನ ಕಾರ್ಖಾನೆ ಇಕ್ಕಟ್ಟು. ಸಿಸ್ಟರ ಮನೆ ಕೊಡುತ್ತೀರಾ ಎಂದು ಬಾಯಿಬಿಟ್ಟು ಕೇಳಿದ್ದ. ಎತ್ತರವೂ ತೆಂಗಿನ ಮರ.

"ಕೇಳಿದ್ದು ನಿಜ" ಎಂದ, ಉಳಿ ಮಸೆಯುತ್ತಲೇ. "ಪೊರಕೆ ತಗೊಂಡು ಅಟ್ಟಿಸಿಕೊಂಡು ಬಂದ್ರು. ಆಮೇಲೆ ಕರೆದು ಟೀ ಕೊಟ್ರು. ಈಗ ಸಾಮಾನು ಕಳೀತಾ ಇತ್ತು ಅಂತೀರಲ್ಲ, ನನಗೆ ಹೇಳೇ ಇಲ್ಲವಲ್ಲ ಆ ಅಜ್ಜಿ."

ಅವನ ಮುಖದಲ್ಲಿ ಇದ್ದದ್ದು ಭಯವಲ್ಲ, ಮುನಿಸು. ಹೇಳಲಿಲ್ಲವಲ್ಲ ಎಂಬ ಮುನಿಸು.

ಇನ್ಸ್‌ಪೆಕ್ಟರ್ ಸಿಸ್ಟರ ಮನೆಗೆ ಹೋದಳು. ಮನೆ ಎಂದರೆ ಥಿಯೇಟರಿನ ಟ್ರೇ. ಚಮಚ ಚಮಚದ ಜಾಗದಲ್ಲಿ, ಚಾಕು ಚಾಕುವಿನ ಜಾಗದಲ್ಲಿ. ಕಣ್ಣು ಮುಚ್ಚಿ ಕೈ ಚಾಚಿದರೂ ಬೇಕಾದ್ದು ಬೆರಳಿಗೆ ತಗಲಬೇಕು, ಹಾಗೆ. ಎಲ್ಲವೂ ಗಿಡ್ಡ ಹೆಂಗಸಿನ ಭುಜದ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಕೆಳಗೆ. ಮೇಲಿನ ಶೆಲ್ಫುಗಳು ಖಾಲಿ.

ಕಳೆದ ಸಾಮಾನು ಎಲ್ಲೆಲ್ಲಿ ಸಿಕ್ಕಿತ್ತು ಎಂದು ತಮ್ಮನಿಗೆ ಫೋನ್ ಮಾಡಿ ಕೇಳಿದಳು. ಕತ್ತರಿ ಫ್ರಿಜ್ಜಿನ ಮೇಲೆ. ಬೀಗದ ಕೈ ಬಾಗಿಲ ಮೇಲಿನ ಹಲಗೆಯಲ್ಲಿ. ಮಾತ್ರೆ ಡಬ್ಬಿ ಬಟ್ಟೆಯ ಬೀರುವಿನ ನೆತ್ತಿಯಲ್ಲಿ.

ಸ್ಟೂಲು ಎಲ್ಲಿರುತ್ತಿತ್ತು ಎಂದಳು. ಹಿತ್ತಲ ಕೋಣೆಯಲ್ಲಿ ಹಳೇ ಬಕೆಟ್ಟುಗಳ ಅಡಿಯಲ್ಲಂತೆ.

ಅವಳು ಅದೇ ಸ್ಟೂಲು ಹತ್ತಿದಳು. ಅಡುಗೆಮನೆಯ ಬೀರುವಿನ ಮೇಲೆ, ಮುಂದಿನ ಪಟ್ಟಿಯ ಮರೆಯಲ್ಲಿ, ಕನ್ನಡಕ ಮಲಗಿತ್ತು. ಕೆಳಗಿನಿಂದ ಯಾರಿಗೂ ಕಾಣುವಂತಿರಲಿಲ್ಲ.

ಮುಟ್ಟದೆ ಇಳಿದಳು.

\* \* \*

ಮರುದಿನ ಮೂವರನ್ನೂ ಅಲ್ಲಿಗೇ ಕರೆಸಿದಳು. ಸಿಸ್ಟರ್ ಫ್ಲ್ಯಾಟಿಗೆ ಹೋಗಲು ಒಪ್ಪುವ ಹಾಗಿದ್ದಾರೆ ಎಂದು ಸುಳ್ಳು ಹೇಳಿದಳು. ಫ್ಲ್ಯಾಟಿನ ಕಾಗದಕ್ಕೆ ಓದದೆ ಸಹಿ ಮಾಡುವವರಲ್ಲ, ಕನ್ನಡಕ ಸಿಕ್ಕಿಲ್ಲ, ಸ್ವಲ್ಪ ಹುಡುಕಿ.

ಸಿಸ್ಟರ ತಮ್ಮ ಡ್ರಾಯರುಗಳನ್ನು ಎಳೆದಾಡಿದ. ಬಡಗಿ ಮಂಡಿಯೂರಿ ಮಂಚದ ಕೆಳಗೆ ಬಗ್ಗಿದ. ದೊಡ್ಡ ಡಾಕ್ಟ್ರು ಕೈಗಡಿಯಾರ ನೋಡಿಕೊಂಡರು. ನೆಟ್ಟಗೆ ಅಡುಗೆಮನೆಗೆ ನಡೆದರು. ತಲೆ ಕೂಡ ಎತ್ತಲಿಲ್ಲ. ಕೈ ಮೇಲೆ ಹೋಯಿತು, ಪಟ್ಟಿಯ ಹಿಂದೆ ಇಳಿಯಿತು, ಕನ್ನಡಕದೊಂದಿಗೆ ಬಂತು.

"ಇಗೋ" ಎಂದರು. "ಪಾಪ, ಎಲ್ಲಿಟ್ಟಿದ್ದಾಳೆ ನೋಡಿ."

"ನೋಡಿದೆ" ಎಂದಳು ಇನ್ಸ್‌ಪೆಕ್ಟರ್. "ನೀವು ನೋಡಲಿಲ್ಲ."

\* \* \*

ಉಳಿದದ್ದನ್ನು ಸಿಸ್ಟರ ಎದುರಿಗೇ ಹೇಳಬೇಕೆಂದು ಹಟ ಹಿಡಿದವಳು ಅವಳೇ. ವಾರ್ಡಿನ ಡಾಕ್ಟರನ್ನೂ ಕರೆದು ನಿಲ್ಲಿಸಿದಳು. ಯಾರೋ ಅಭ್ಯಾಸದಂತೆ ದೊಡ್ಡ ಡಾಕ್ಟ್ರ ಕೈಗೆ ಕಾಫಿ ಕೊಟ್ಟಿದ್ದರು.

"ಮರೆವಿಗೂ ಒಂದು ಎತ್ತರ ಇರುತ್ತೆ" ಎಂದಳು. "ಮರೆಯೋರು ಕೈಗೆಟುಕೋ ಜಾಗದಲ್ಲಿ ಇಟ್ಟು ಮರೀತಾರೆ. ಬಕೆಟ್ಟು ಸರಿಸಿ, ಸ್ಟೂಲು ತಂದು, ಹತ್ತಿ, ಕತ್ತರಿ ಇಟ್ಟು, ಇಳಿದು, ಸ್ಟೂಲು ವಾಪಸ್ಸಿಟ್ಟು ಮರೆಯೋರನ್ನ ನಾನು ಕಂಡಿಲ್ಲ."

ಇಟ್ಟವನು ಎತ್ತರದ ಆಳು. ಎತ್ತರದವರು ಇಬ್ಬರು. ಬಡಗಿಗೆ ಸಾಮಾನು ಕಳೆದದ್ದೇ ಗೊತ್ತಿಲ್ಲ. ಪ್ರತಿ ಸಲ ಹುಡುಕಿ ಕೊಟ್ಟವರು ಒಬ್ಬರೇ. ಬಚ್ಚಿಟ್ಟ ಕೈಯೇ ಹುಡುಕಿದ ಕೈ. ತನ್ನ ತಲೆ ಕೆಡುತ್ತಿದೆ ಎಂದು ಸಿಸ್ಟರ್ ತಾವೇ ನಂಬಬೇಕು, ಹೆದರಬೇಕು, ಆ ಗೋಡೆಯ ಬಾಗಿಲಿನ ಪಕ್ಕಕ್ಕೆ ಬರಬೇಕು. ಲೆಕ್ಕ ತಪ್ಪಿದ್ದು ಒಂದೇ ಕಡೆ. ಈ ಸಲ ಸಿಸ್ಟರ್ ಫೋನ್ ಮಾಡಲಿಲ್ಲ.

"ಎಲ್ಲ ಮೇಲೇ ಯಾಕೆ ಸಿಗುತ್ತೆ ಅಂತ ನನಗೂ ಹೊಳೀತು" ಎಂದರು ಸಿಸ್ಟರ್. "ಇವರನ್ನ ಯಾಕೆ ಕರೀಲಿ, ನಾನೇ ಹತ್ತೋಣ ಅಂದುಕೊಂಡೆ."

ಸಿಸ್ಟರ ತಮ್ಮ ಗೋಡೆಯ ಕಡೆ ತಿರುಗಿಕೊಂಡ.

ದೊಡ್ಡ ಡಾಕ್ಟ್ರು ಅಲ್ಲ ಎನ್ನಲಿಲ್ಲ. ಬೀಳಲಿ ಎಂದು ಮಾಡಿದ್ದಲ್ಲ ಎಂದರು. ಇಬ್ಬರೂ ಒಂಟಿ, ಒಬ್ಬರಿಗೊಬ್ಬರು ಆಗುತ್ತೇವೆ ಅಂತ. "ನಿನ್ನನ್ನ ನೋಡಿಕೊಳ್ಳೋಣ ಅಂತಲೇ."

"ಯಾರು ಯಾರನ್ನ?" ಎಂದರು ಸಿಸ್ಟರ್. ದನಿ ಏರಲಿಲ್ಲ. "ನಿಮ್ಮ ಕೈ ನಡುಗೋಕೆ ಶುರುವಾದಾಗ ನಾನು ಯಾರಿಗೂ ಹೇಳಲಿಲ್ಲ. ನೀವು ಕತ್ತರಿ ಕೆಳಗೆ ಬೀಳಿಸೋ ಮೊದಲೇ ಹಿಡಿದೆ. ಅದು ಕೆಲಸ. ಮುಗೀತು. ನನ್ನ ತಲೆ ಕೆಟ್ಟಿದೆ ಅಂತ ನನ್ನಿಂದಲೇ ಅನ್ನಿಸಿದ್ರಲ್ಲ, ಡಾಕ್ಟ್ರೇ. ಕನ್ನಡಿ ಮುಂದೆ ನಿಂತು ನನ್ನ ಹೆಸರು ನಾನೇ ಹೇಳಿ ನೋಡಿಕೊಳ್ತಿದ್ದೆ. ಆ ಭಯವನ್ನ ಯಾವ ಫ್ಲ್ಯಾಟಲ್ಲಿ ಇಡ್ತಿದ್ರಿ?"

ವಾರ್ಡಿನ ಡಾಕ್ಟರ್ ತೀರ್ಮಾನ ಬರೆಯಬೇಕಿದ್ದ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ. ಮೂಳೆ ಕೂಡಿದ ಮೇಲೆ ಅವರು ಅವರ ಮನೆಗೇ ಹೋಗಲಿ ಎಂದ.

ಸಿಸ್ಟರ್ ಬಾಗಿಲಲ್ಲಿದ್ದ ಬಡಗಿಯನ್ನು ಕರೆದರು. ಮನೆಯಲ್ಲಿ ತನ್ನ ನೆತ್ತಿಗಿಂತ ಎತ್ತರದ್ದು ಏನೇನಿದೆಯೋ ಎಲ್ಲ ಕೊಯ್ದುಬಿಡು ಎಂದರು. ಬೀರು ಮೊದಲು.

"ಬಾಗಿಲನ್ನಾದ್ರೂ ಬಿಡಿ ಅಜ್ಜಿ, ನಾನು ಒಳಗೆ ಬರಬೇಕಲ್ಲ" ಎಂದ.

"ಬಗ್ಗಿ ಬಾ."

ಇನ್ಸ್‌ಪೆಕ್ಟರ್ ಹೊರಡೋಣವೇ ಎಂದು ದೊಡ್ಡ ಡಾಕ್ಟ್ರ ಕಡೆ ನೋಡಿದಳು. ಅವರು ಎದ್ದರು. ಲೋಟದ ಕೈ ತಾನಾಗಿ ಬಲಕ್ಕೆ ಚಾಚಿಕೊಂಡಿತು.

ಯಾರೂ ತೆಗೆದುಕೊಳ್ಳಲಿಲ್ಲ. ಲೋಟ ಗಾಳಿಯಲ್ಲಿ ನಿಂತಿತು. ಮೆಲ್ಲಗೆ ನಡುಗಿತು. ತಳದ ಕಾಫಿ ಅಂಗಿಯ ತೋಳಿಗೆ ಚೆಲ್ಲಿತು. ಅವರು ಮೊದಲ ಬಾರಿಗೆ ತಿರುಗಿ ನೋಡಿದರು.

ಸಿಸ್ಟರ ಎರಡೂ ಕೈ ಹೊದಿಕೆಯ ಒಳಗಿದ್ದವು.

"ಕೆಳಗಿಡಿ" ಎಂದರು. "ಮೇಜು ಅಲ್ಲೇ ಇದೆ."