ಗಾಳಿ ತಗುಲಿದ ಲಿನೋಲಿಯೇಟ್

ಪ್ರಯೋಗದ ಜೀವಕೋಶಗಳು ಒಂದೂ ಉಳಿಯದೆ ಸತ್ತದ್ದು ಕಂಡು ಪಿಎಚ್.ಡಿ. ಮಾಡುತ್ತಿದ್ದ ಅವಳಿಗೆ ಅನುಮಾನ ಬಂತು. ಅವಕ್ಕೆ ಹಾಕಿದ್ದ ಎಣ್ಣೆಯ ಸೀಸೆ ತೆರೆದು ಮೂಗಿನ ಹತ್ತಿರ ತಂದಳು. ಕರಿದು ಕರಿದು ಹಳಸಿದ ಎಣ್ಣೆಯ ಕಮಟು ವಾಸನೆ.

ಅದು ಲಿನೋಲಿಯೇಟ್. ದೇಹಕ್ಕೆ ಬೇಕೇ ಬೇಕಾದ, ಆದರೆ ದೇಹ ತಾನಾಗಿ ಮಾಡಿಕೊಳ್ಳಲಾರದ ಕೊಬ್ಬಿನಾಮ್ಲದಿಂದ ತಯಾರಾದದ್ದು, ಮಹಾ ನಾಜೂಕಿನದು. ಗಾಳಿ ಸೋಕಿದರೆ ಕೆಡುತ್ತದೆಂದು, ಮುಚ್ಚುವ ಮೊದಲು ಸೀಸೆಯೊಳಗೆ ನೈಟ್ರೋಜನ್ ಊದಿ ಫ್ರೀಜರಿಗೆ ಸೇರಿಸಬೇಕು.

ಶುಕ್ರವಾರ ಅದನ್ನು ಮುಚ್ಚಿದವನು ಅವನು. ಲ್ಯಾಬಿನ ಮುಖ್ಯಸ್ಥರ ಅಕ್ಕನ ಮಗ. ತಂದೆಯಿಲ್ಲದ ಅವನನ್ನು ಸಾಕಿ ಓದಿಸಿದ್ದು ಈ ಸೋದರಮಾವನೇ. ಅವಳು ಮೈಕ್ರೋಸ್ಕೋಪಿನ ಮೇಲೆ ಬಗ್ಗಿದರೆ ಸಾಕು, ಅವನ ಕಣ್ಣು ಅವಳ ಕಿವಿಯ ಬಳಿ ಜಾರಿದ ಕೂದಲಿಗೆ ಅಂಟಿಕೊಳ್ಳುತ್ತಿತ್ತು. ಅವಳಿಗೂ ಅದು ಹಿತವಾಗಿತ್ತು, ತೋರಗೊಡುತ್ತಿರಲಿಲ್ಲ ಅಷ್ಟೆ. ಅವನು ಮದುವೆಯ ಮಾತೆತ್ತಿದಾಗ, ಮೊದಲು ಡಿಗ್ರಿ ಬರಲಿ, ಇಲ್ಲದಿದ್ದರೆ ಸರ್ ಅವರ ಅಳಿಯನನ್ನು ಬುಟ್ಟಿಗೆ ಹಾಕಿಕೊಂಡು ಗಿಟ್ಟಿಸಿದಳು ಅಂತಾರೆ ಎಂದು ಬಾಯಿ ಮುಚ್ಚಿಸಿದ್ದಳು.

ಕೋಶಗಳು ಸತ್ತದ್ದಕ್ಕೆ ಮುಖ್ಯಸ್ಥರಿಗೆ ಹಿಗ್ಗೋ ಹಿಗ್ಗು. ಲಿನೋಲಿಯೇಟ್ ಇವನ್ನು ಕೊಲ್ಲುತ್ತದೆ ಎಂದು ವರ್ಷಗಳಿಂದ ವಾದಿಸುತ್ತಿದ್ದವರು ಅವರು. ಕೊಂದದ್ದು ಕೆಟ್ಟುಹೋದ ಎಣ್ಣೆ, ಹೊಸ ಸೀಸೆ ತೆಗೆದು ಮತ್ತೆ ಮಾಡೋಣ ಎಂದು ಅವಳು ಹೇಳಿದ್ದೇ ತಡ, ಕೆಂಡಾಮಂಡಲವಾದರು. ಇದನ್ನೇ ಪೇಪರಾಗಿ ಪ್ರಕಟಿಸಲು ಒಪ್ಪು, ಇಲ್ಲವೇ ಲ್ಯಾಬ್ ಬಿಡು ಎಂದರು. ಎಲ್ಲರೆದುರು ಅಳಿಯನನ್ನೇ ಕರೆದು ಕೇಳಿದರು.

"ಸೀಸೆ ಸರಿಯಾಗೇ ಮುಚ್ಚಿದ್ದೆ ತಾನೆ?"

ಅವಳು ಅವನನ್ನೇ ದಿಟ್ಟಿಸಿದಳು. ಹೂಂ ಅಂದನೋ, ಅವಳ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವನೂ ಅವಳ ಪಾಲಿಗೆ ಮುಗಿದ ಹಾಗೆ.

"ಇಲ್ಲ ಮಾವ," ಅಂದ. ಲ್ಯಾಬಿನಲ್ಲಿ ಎಂದೂ ಸರ್ ಬಿಟ್ಟು ಬೇರೆ ಕರೆದವನಲ್ಲ. "ನೈಟ್ರೋಜನ್ ಊದೋದು ಮರೆತೆ. ಸೋಮವಾರದ ತನಕ ಮೇಜಿನ ಮೇಲೇ ಇತ್ತು. ಇವಳನ್ನ ನೋಡ್ತಾ ಮೈಮರೆತಿದ್ದೆ."

ಯಾರೋ ಕಿಸಕ್ಕೆಂದರು. ಮಾವನ ಮುಖ ಕಪ್ಪಿಟ್ಟಿತು. ಇವಳ ಪರ ನಿಂತರೆ ನನ್ನ ಮನೆಯ ಹೊಸಿಲೂ ತುಳಿಯಬೇಡ ಎಂದು ಗುಡುಗಿದರು. ಅವನು ನಿಂತಲ್ಲಿಂದ ಕದಲಲಿಲ್ಲ.

ಇಷ್ಟು ದಿನ ಅದುಮಿಟ್ಟ ಪ್ರೀತಿಯೆಲ್ಲ ಅವಳಲ್ಲಿ ಒಮ್ಮೆಲೇ ಉಕ್ಕಿತು. ಇನ್ನು ಯಾರ ಮುಲಾಜು? ಕೈಗವಸು ಕಿತ್ತೆಸೆದು, ಎಲ್ಲರೂ ನೋಡುತ್ತಿದ್ದಂತೆ ಅವನ ಕೈ ಹಿಡಿದಳು.

"ಮದುವೆ ಆಗ್ತೀನಿ. ಡಿಗ್ರಿ ಬಂದರೂ ಸರಿ, ಬರದಿದ್ದರೂ ಸರಿ."

"ಇಲ್ಲೇ ಹೇಳಬೇಕಿತ್ತಾ?" ಅವನು ಪಿಸುಗುಟ್ಟಿದ, ಕಿವಿಯವರೆಗೂ ಕೆಂಪಾಗಿ.

"ಇಲ್ಲೇ ಹೇಳಬೇಕಿತ್ತು."

ಆಮೇಲೆ ಮುಖ್ಯಸ್ಥರ ಕಡೆ ತಿರುಗಿದಳು. ದನಿ ಒಂಚೂರೂ ಅಳುಕಲಿಲ್ಲ.

"ಆ ಪೇಪರಿನಲ್ಲಿ ನನ್ನ ಹೆಸರು ಬೇಡ. ನಮ್ಮ ಲಗ್ನಪತ್ರಿಕೆಯಲ್ಲಿ ಮಾತ್ರ ನಿಮ್ಮ ಹೆಸರು ಹಾಕಿಸೇ ಹಾಕಿಸ್ತೀವಿ, ಮಾವ."